ಮಂಡಿಗೆಂದು ನುಂಗಿದ ಮಾತ್ರೆ ಕಿಡ್ನಿಯಲ್ಲಿ ಏನು ಮಾಡುತ್ತದೆ?

ಕೊಬ್ಬು ಅಂದ ತಕ್ಷಣ ನೆನಪಾಗುವುದು ಹೊಟ್ಟೆಯ ಸುತ್ತಳತೆ, ಇಲ್ಲವೇ ಕೊಲೆಸ್ಟ್ರಾಲ್ ರಿಪೋರ್ಟು. ಆದರೆ ನಮ್ಮ ಒಂದೊಂದು ಜೀವಕೋಶದ ಪೊರೆಯೂ ಸುಮಾರು ಅರ್ಧದಷ್ಟು ಕೊಬ್ಬಿನಿಂದಲೇ ಆಗಿದೆ. ಆ ಪೊರೆಯಲ್ಲಿ ಅರಾಕಿಡಾನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಇರುತ್ತದೆ. ಎಲ್ಲಾದರೂ ಪೆಟ್ಟು ಬಿದ್ದರೆ, ಸೋಂಕು ತಗುಲಿದರೆ ಅದು ಪೊರೆಯಿಂದ ಬಿಡಿಸಿಕೊಂಡು ಬರುತ್ತದೆ. ಕಾಕ್ಸ್ ಎಂಬ ಕಿಣ್ವದ ಕೈಗೆ ಸಿಕ್ಕರೆ ಅದರಿಂದ ಪ್ರೊಸ್ಟಗ್ಲಾಂಡಿನ್‌ಗಳು ತಯಾರಾಗುತ್ತವೆ. ಇವು ದೇಹದ ಒಳಗೆ ಸಂದೇಶ ಸಾಗಿಸುವ ಅಣುಗಳು. ಇನ್ಸುಲಿನ್ ಹಾಗೆ ರಕ್ತದಲ್ಲಿ ದೂರ ಹೋಗುವುದಿಲ್ಲ. ಹುಟ್ಟಿದ ಜಾಗದ ಅಕ್ಕಪಕ್ಕದಲ್ಲೇ ಕೆಲಸ ಮುಗಿಸಿ ಬೇಗ ಇಲ್ಲವಾಗುತ್ತವೆ.

ಓಪಿಡಿಗೆ ಮಂಡಿನೋವು ಅಂತ ಬರುವ ಎಷ್ಟೋ ಹಿರಿಯರ ಚೀಲದಲ್ಲಿ ಡೈಕ್ಲೋಫೆನಾಕ್ ಅಥವಾ ಅಸೆಕ್ಲೋಫೆನಾಕ್ ಎಂಬ ನೋವಿನ ಮಾತ್ರೆಯ ಸ್ಟ್ರಿಪ್ ಇದ್ದೇ ಇರುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು. "ಬರೀ ಮಂಡಿಗೆ ತಗೋತೀನಿ ಡಾಕ್ಟ್ರೇ, ಬೇರೆ ಏನಕ್ಕೂ ಅಲ್ಲ" ಅನ್ನುತ್ತಾರೆ. ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು, ಕಿಡ್ನಿ ಯಾವುದು ಅಂತ ಗೊತ್ತಾಗುವುದಿಲ್ಲ ಅಲ್ವಾ? ಅದು ಮೈತುಂಬಾ ಕಾಕ್ಸ್ ಕಿಣ್ವವನ್ನು ತಡೆಯುತ್ತದೆ. ಒಂದು ನಲ್ಲಿ ಸೋರುತ್ತಿದೆ ಅಂತ ಮೇಲಿನ ಟ್ಯಾಂಕಿನ ವಾಲ್ವನ್ನೇ ತಿರುಗಿಸಿಬಿಟ್ಟ ಹಾಗೆ.

ಇದನ್ನು ಅರ್ಥ ಮಾಡಿಕೊಳ್ಳಲು ರಿಸೆಪ್ಟರ್ ಅಂದರೇನು ಅಂತ ತಿಳಿದಿರಬೇಕು. ಸಂದೇಶದ ಅಣುವನ್ನು ಹಿಡಿದು ಜೀವಕೋಶಕ್ಕೆ ಸುದ್ದಿ ಮುಟ್ಟಿಸುವ ಪ್ರೊಟೀನೇ ರಿಸೆಪ್ಟರ್. ಪ್ರೊಸ್ಟಗ್ಲಾಂಡಿನ್ ಇ2 ಎಂಬ ಒಂದೇ ಅಣುವಿಗೆ ಇಂಥ ರಿಸೆಪ್ಟರ್‌ಗಳು ನಾಲ್ಕು ಬಗೆಯಿವೆ, ಇಪಿ1ರಿಂದ ಇಪಿ4ರ ತನಕ. ಯಾವ ಅಂಗದಲ್ಲಿ ಯಾವುದು ಇದೆ ಅನ್ನುವುದರ ಮೇಲೆ ಕೆಲಸ ಬದಲಾಗುತ್ತದೆ. ಮೆದುಳಿನ ಹೈಪೋಥಲಾಮಸ್‌ನಲ್ಲಿ ಇಪಿ3ಗೆ ಅಂಟಿದರೆ ಜ್ವರ ಬರುತ್ತದೆ. ಊದಿದ ಕೀಲಿನಲ್ಲಿ ನರದ ತುದಿಗಳನ್ನು ಸೂಕ್ಷ್ಮ ಮಾಡಿ ನೋವು ಹೆಚ್ಚಿಸುತ್ತದೆ. ಜಠರದಲ್ಲಿ ಅದೇ ಅಣು ಆಮ್ಲವನ್ನು ತಗ್ಗಿಸಿ, ಲೋಳೆಯ ಪದರವನ್ನು ಬೆಳೆಸಿ ನಮ್ಮನ್ನು ಕಾಯುತ್ತದೆ. ನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗುವುದು ಈ ಕಾವಲು ತಪ್ಪುವುದರಿಂದ. "ಊಟ ಆದಮೇಲೆ ತಗೊಂಡೆ, ಏನೂ ಆಗಲ್ಲ" ಅನ್ನುವ ನಂಬಿಕೆ ಪೂರ್ತಿ ಸರಿಯಲ್ಲ. ಮಾತ್ರೆ ರಕ್ತ ಸೇರಿದ ಮೇಲೂ ಜಠರದ ಕಾಕ್ಸ್ ಅನ್ನು ತಡೆಯುತ್ತಲೇ ಇರುತ್ತದೆ.

ಕಿಡ್ನಿಯ ವಿಷಯ ಇನ್ನೂ ಮುಖ್ಯ. ಚೆನ್ನಾಗಿ ನೀರು ಕುಡಿಯುವ ಆರೋಗ್ಯವಂತ ಯುವಕನ ಕಿಡ್ನಿಗೆ ಪ್ರೊಸ್ಟಗ್ಲಾಂಡಿನ್ ಆಸರೆ ಅಷ್ಟಾಗಿ ಬೇಡ. ವಯಸ್ಸಾದವರಲ್ಲಿ, ಹೃದಯ ದುರ್ಬಲವಾದವರಲ್ಲಿ, ವಾಂತಿಭೇದಿಯಿಂದ ನೀರು ಕಳೆದುಕೊಂಡವರಲ್ಲಿ ಕಥೆ ಬೇರೆ. ಕಿಡ್ನಿಯ ಸೋಸುವ ಗಂಟಿಗೆ ರಕ್ತ ತರುವ ಸಣ್ಣ ನಾಳವನ್ನು ತೆರೆದಿಡುವುದೇ ಅಲ್ಲಿ ಪ್ರೊಸ್ಟಗ್ಲಾಂಡಿನ್. ಅದನ್ನು ನಿಲ್ಲಿಸಿದರೆ ಒಳಬರುವ ರಕ್ತ ಕಡಿಮೆಯಾಗುತ್ತದೆ. ಜೊತೆಗೆ ಬಿಪಿಗೆ ಟೆಲ್ಮಿಸಾರ್ಟಾನ್ ನಡೆಯುತ್ತಿದ್ದರೆ ಅದು ಹೊರಹೋಗುವ ನಾಳವನ್ನು ಸಡಿಲ ಮಾಡಿರುತ್ತದೆ. ಕಾಲಿನ ಊತಕ್ಕೆ ಮೂತ್ರ ಹೋಗಿಸುವ ಮಾತ್ರೆಯೂ ಇದ್ದರೆ ರಕ್ತದ ನೀರಿನಂಶವೇ ತಗ್ಗಿರುತ್ತದೆ. ಮೂರೂ ಸೇರಿದಾಗ ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರುತ್ತದೆ. ಬಿಪಿಗೆ ಒಬ್ಬ ಡಾಕ್ಟರು, ಮಂಡಿಗೆ ಇನ್ನೊಬ್ಬರು, ಮಧ್ಯೆ ಅಂಗಡಿಯ ಮಾತ್ರೆ, ಹೀಗೆ ಮೂರೂ ಒಬ್ಬರ ಹೊಟ್ಟೆ ಸೇರುವುದು ತುಂಬಾ ಸುಲಭ. ಬೇಗ ಗುರುತಿಸಿ ನಿಲ್ಲಿಸಿದರೆ ಕಿಡ್ನಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಆದ್ದರಿಂದಲೇ ನಾನು ಎಲ್ಲ ಚೀಟಿಗಳನ್ನೂ ಮೇಜಿನ ಮೇಲೆ ಹರವಲು ಹೇಳುತ್ತೇನೆ.

ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಅದು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆದು ಕೆಲಸ ಮಾಡುತ್ತದೆ ಅಂತ ಲಂಡನ್ನಿನ ವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಸ್ವೀಡನ್ನಿನ ಬರ್ಗ್‌ಸ್ಟ್ರಾಮ್, ಸ್ಯಾಮುಯೆಲ್ಸನ್ ಜೊತೆ ಅವರಿಗೆ 1982ರಲ್ಲಿ ನೊಬೆಲ್ ಬಂತು. ಹೃದಯಾಘಾತ ಆದವರಿಗೆ ನಾವು ಬರೆಯುವ 75 ಮಿಲಿಗ್ರಾಂ ಆಸ್ಪಿರಿನ್ ನಿಂತಿರುವುದು ಇದೇ ತಿಳಿವಳಿಕೆಯ ಮೇಲೆ. ಪ್ಲೇಟ್‌ಲೆಟ್‌ಗಳು ಥ್ರಾಂಬಾಕ್ಸೇನ್ ಮಾಡಿ ರಕ್ತ ಗಟ್ಟಿಸುತ್ತವೆ. ರಕ್ತನಾಳದ ಒಳಗೋಡೆ ಪ್ರೊಸ್ಟಾಸೈಕ್ಲಿನ್ ಮಾಡಿ ಅದನ್ನು ತಡೆಯುತ್ತದೆ. ಎರಡೂ ಒಂದೇ ಕೊಬ್ಬಿನಾಮ್ಲದ ಮಕ್ಕಳು. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಆಸ್ಪಿರಿನ್ ಕೆಡಿಸಿದ ಕಾಕ್ಸ್ ಕಿಣ್ವವನ್ನು ಮತ್ತೆ ಮಾಡಿಕೊಳ್ಳಲು ಅದಕ್ಕಾಗುವುದಿಲ್ಲ. ಹಾಗಾಗಿ ಸಣ್ಣ ಡೋಸ್ ಸಾಕು.

ಈ ಸಮತೋಲ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ರೋಫೆಕಾಕ್ಸಿಬ್ ಸಾಕ್ಷಿ. ಹೊಟ್ಟೆಗೆ ಹಿತ ಅಂತ 1999ರಲ್ಲಿ ಬಂದ ಮಾತ್ರೆ ಅದು. ಕಾಕ್ಸ್ ಕಿಣ್ವದಲ್ಲಿ ಎರಡು ಬಗೆ: ಜಠರ, ಪ್ಲೇಟ್‌ಲೆಟ್‌ಗಳಲ್ಲಿ ಮುಖ್ಯವಾಗಿ ಕಾಕ್ಸ್-1, ಊದಿದ ಜಾಗದಲ್ಲಿ ಕಾಕ್ಸ್-2. ಈ ಮಾತ್ರೆ ಕಾಕ್ಸ್-2 ಅನ್ನು ಮಾತ್ರ ತಡೆಯುತ್ತಿತ್ತು. ಪ್ರೊಸ್ಟಾಸೈಕ್ಲಿನ್ ತಗ್ಗಿತು, ಥ್ರಾಂಬಾಕ್ಸೇನ್ ಹಾಗೇ ಉಳಿಯಿತು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ ಅಂತ ಗೊತ್ತಾಗಿ 2004ರಲ್ಲಿ ಅದನ್ನು ಹಿಂತೆಗೆದುಕೊಂಡರು.

ನನಗೆ ಹೆಚ್ಚು ಇಷ್ಟವಾಗುವುದು ಇನ್ನೊಂದು ದಾರಿ, ತಯಾರಿಕೆ ನಿಲ್ಲಿಸದೆ ಒಂದೇ ರಿಸೆಪ್ಟರ್‌ ಮೇಲೆ ಕೆಲಸ ಮಾಡುವುದು. ಗ್ಲಾಕೋಮಾ, ಅಂದರೆ ಕಣ್ಣಿನ ನರ ಕೆಡಿಸುವ ಕಾಯಿಲೆ ಇರುವವರು ರಾತ್ರಿ ಒಂದು ಹನಿ ಲ್ಯಾಟಾನೊಪ್ರೋಸ್ಟ್ ಹಾಕಿಕೊಳ್ಳುತ್ತಾರೆ. ಅದು ಕಣ್ಣಿನೊಳಗೆ ಎಫ್‌ಪಿ ಎಂಬ ಇನ್ನೊಂದು ಪ್ರೊಸ್ಟಗ್ಲಾಂಡಿನ್ ರಿಸೆಪ್ಟರ್‌ಗೆ ಅಂಟಿ, ದ್ರವ ಹೊರಹೋಗುವ ದಾರಿ ಸಲೀಸು ಮಾಡಿ ಒತ್ತಡ ಇಳಿಸುತ್ತದೆ. ರೆಪ್ಪೆಗೂದಲು ಉದ್ದವಾಗುವುದು ಅದರದೇ ಅಡ್ಡಪರಿಣಾಮ. ಇದೇ ರಿಸೆಪ್ಟರ್ ಗರ್ಭಕೋಶದಲ್ಲೂ ಇದೆ. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದಾಗ ಕೊಡುವ ಕಾರ್ಬೊಪ್ರೋಸ್ಟ್ ಇಂಜೆಕ್ಷನ್ ಅಲ್ಲಿ ಸ್ನಾಯುಗಳನ್ನು ಬಿಗಿ ಮಾಡುತ್ತದೆ. ತಾಯಿಯ ಜೀವ ಉಳಿಸುವ ಔಷಧಿ ಅದು. ಆದರೆ ಶ್ವಾಸನಾಳವನ್ನೂ ಬಿಗಿಸುವುದರಿಂದ ಆಸ್ತಮಾ ಇರುವವರಿಗೆ ಕೊಡುವುದಿಲ್ಲ.

ಆಸ್ತಮಾ ಅಂದೆನಲ್ಲ, ಅರಾಕಿಡಾನಿಕ್ ಆಮ್ಲಕ್ಕೆ ಇನ್ನೊಂದು ದಾರಿಯೂ ಇದೆ. ಅದರಿಂದ ಹುಟ್ಟುವ ಲ್ಯೂಕೊಟ್ರೈನ್‌ಗಳು ಉಸಿರಿನ ಕೊಳವೆಯನ್ನು ಕಿರಿದು ಮಾಡುತ್ತವೆ. ಆಸ್ತಮಾಗೆ ಕೊಡುವ ಮಾಂಟೆಲುಕಾಸ್ಟ್ ಮಾತ್ರೆ ತಡೆಯುವುದು ಅವುಗಳ ರಿಸೆಪ್ಟರನ್ನು. ಕೆಲವು ಆಸ್ತಮಾ ರೋಗಿಗಳಲ್ಲಿ ಕಾಕ್ಸ್ ತಡೆದರೆ ಲ್ಯೂಕೊಟ್ರೈನ್‌ಗಳು ಜಾಸ್ತಿಯಾಗಿ ಉಬ್ಬಸ ಬರುತ್ತದೆ. ಆಸ್ಪಿರಿನ್ ಅಥವಾ ಐಬುಪ್ರೊಫೆನ್ ತಗೊಂಡು ಹಿಂದೆ ಉಸಿರು ಕಟ್ಟಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಡೆಂಗಿ ಶಂಕೆ ಇದ್ದರೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಹೇಳಿದ ಡೋಸ್ ಮೀರದೆ. ಪ್ಲೇಟ್‌ಲೆಟ್ ಮೊದಲೇ ಇಳಿದಿರುವಾಗ ಕಾಕ್ಸ್ ತಡೆಯುವ ಮಾತ್ರೆ ಉಳಿದ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕೆಡಿಸಿದರೆ ರಕ್ತಸ್ರಾವದ ಭಯ. ಗರ್ಭಿಣಿಯರು 20 ವಾರದ ನಂತರ ಇಂಥ ನೋವಿನ ಮಾತ್ರೆಯನ್ನು ಸುಮ್ನೆ ತಗೊಳ್ಳಬಾರದು. ಮಗುವಿನ ಕಿಡ್ನಿಗೂ ತೊಂದರೆ, ದಿನ ತುಂಬುತ್ತಾ ಬಂದಂತೆ ಹೃದಯದ ಪಕ್ಕದ ಒಂದು ರಕ್ತನಾಳ ಹೊಟ್ಟೆಯಲ್ಲಿರುವಾಗಲೇ ಮುಚ್ಚುವ ಅಪಾಯವೂ ಇದೆ.

ಮಂಡಿನೋವಿಗೆ ನಾನು ಮೊದಲು ಬರೆಯುವುದು ಡೈಕ್ಲೋಫೆನಾಕ್ ಜೆಲ್ ಮತ್ತು ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ. ಹಚ್ಚಿದ ಜೆಲ್‌ನಿಂದ ರಕ್ತ ಸೇರುವ ಔಷಧಿ ಮಾತ್ರೆಗಿಂತ ತುಂಬಾ ಕಡಿಮೆ. ಮಾತ್ರೆ ಬೇಕೇ ಆದರೆ ಕಡಿಮೆ ಡೋಸ್, ಕೆಲವೇ ದಿನ, ಮೊದಲೊಂದು ಕ್ರಿಯಾಟಿನಿನ್ ಪರೀಕ್ಷೆ. ವಾಂತಿಭೇದಿ ಶುರುವಾದ ದಿನ ನೋವಿನ ಮಾತ್ರೆ ಬಿಟ್ಟುಬಿಡಿ. ಬಿಪಿ ಮಾತ್ರೆ ಏನು ಮಾಡಬೇಕು ಅಂತ ಅವತ್ತೇ ಫೋನ್ ಮಾಡಿ ಕೇಳಿ.