ಓರೆ ಗೆರೆಯ ಬೆನ್ನು ಹತ್ತಿ

ರೇಡಿಯೊ ದೂರದರ್ಶಕ ಹಿಡಿದು ಅನ್ಯಲೋಕದ ಸಂಕೇತ ಹುಡುಕುವವರು ಕಿವಿಗೆ ಹೆಡ್‌ಫೋನ್ ಹಾಕಿ ಕೂರುವುದಿಲ್ಲ. ಅವರ ಮುಂದಿರುವುದು ಒಂದು ಚಿತ್ರ: ಅಡ್ಡಕ್ಕೆ ಆವರ್ತನ, ಉದ್ದಕ್ಕೆ ಸಮಯ. ಅದರಲ್ಲಿ ಹುಡುಕುವುದು ಒಂದು ಗೆರೆಯನ್ನು.

ಗೆರೆ ಸಪೂರವಾಗಿರಬೇಕು. ನಿಸರ್ಗದಲ್ಲಿ ಅತಿ ಸಪೂರವೆನಿಸಿದ ಮೇಸರ್ (ಬಾಹ್ಯಾಕಾಶದ ಅನಿಲ ಮೋಡಗಳು ಲೇಸರ್‌ನಂತೆ ಹೊಮ್ಮಿಸುವ ರೇಡಿಯೊ ಅಲೆ) ಗೆರೆಗಳೂ ನೂರಾರು ಹರ್ಟ್ಸ್ ಅಗಲ ಇರುತ್ತವೆ. ಬರೀ ಮೂರ‍್ನಾಲ್ಕು ಹರ್ಟ್ಸ್ ಅಂದರೆ ಹಿಂದೆ ಯಾವುದೋ ಯಂತ್ರವಿದೆ. ಜೊತೆಗೆ ಅದು ಓರೆಯಾಗಿಯೂ ಇರಬೇಕು. ನೆಲದ ಮೇಲೆ ನೆಟ್ಟ ಟ್ರಾನ್ಸ್‌ಮಿಟರ್ ಭೂಮಿಯ ಮೇಲೆ ದೂರದರ್ಶಕದ ಜೊತೆಗೇ ತಿರುಗುವುದರಿಂದ ಅದರ ಗೆರೆ ನೆಟ್ಟಗಿರುತ್ತದೆ. ಆಕಾಶದಿಂದ ಬಂದದ್ದಾದರೆ ಭೂಮಿಯ ತಿರುಗಾಟಕ್ಕೆ ಡಾಪ್ಲರ್ ಪರಿಣಾಮದಿಂದ ಆವರ್ತನ ಸರಿಯುತ್ತಾ ಹೋಗುತ್ತದೆ. 1,000 ಮೆಗಾಹರ್ಟ್ಸ್ ಸುಮಾರಿಗೆ ಇದು ಸೆಕೆಂಡಿಗೆ ಹೆಚ್ಚೆಂದರೆ 0.1 ಹರ್ಟ್ಸ್ ಆಸುಪಾಸು.

ಮೂರನೆಯದು ಕತ್ತು ತಿರುಗಿಸಿ ನೋಡುವ ಪರೀಕ್ಷೆ. ಸ್ವಲ್ಪ ಹೊತ್ತು ನಕ್ಷತ್ರದ ಕಡೆ, ಆಮೇಲೆ ಬೇರೆ ಕಡೆ, ಮತ್ತೆ ನಕ್ಷತ್ರದ ಕಡೆ. ನಕ್ಷತ್ರ ಬಿಟ್ಟಾಗಲೂ ಗೆರೆ ಉಳಿದರೆ ಅದು ನಮ್ಮದೇ ಮೊಬೈಲೋ ಉಪಗ್ರಹವೋ, ಕೈಬಿಡಿ.

ಈ ಮೂರನ್ನೂ ದಾಟಿದ ಗೆರೆಯೊಂದು 2019ರ ಏಪ್ರಿಲ್ 29ರಂದು ಆಸ್ಟ್ರೇಲಿಯಾದ ಪಾರ್ಕ್ಸ್‌ನ 64 ಮೀಟರ್ ದೂರದರ್ಶಕದಲ್ಲಿ ದಾಖಲಾಯಿತು. ಗುರಿ 4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರ, ಆವರ್ತನ 982.002 ಮೆಗಾಹರ್ಟ್ಸ್, ಅದು ಸರಿಯುವ ವೇಗ ಸೆಕೆಂಡಿಗೆ ಸುಮಾರು 0.038 ಹರ್ಟ್ಸ್. ಅವತ್ತು ಯಾರೂ ಗಮನಿಸಲಿಲ್ಲ. ಮರುವರ್ಷ ವಿದ್ಯಾರ್ಥಿಯೊಬ್ಬ ದತ್ತಾಂಶ ಜಾಲಾಡುವಾಗ ಸಿಕ್ಕಿತು. 40 ಲಕ್ಷಕ್ಕೂ ಮಿಕ್ಕ ಗುರುತುಗಳಲ್ಲಿ 5 ಸಾವಿರದಷ್ಟು ಜರಡಿ ದಾಟಿದ್ದವು, ಅವುಗಳಲ್ಲಿ ಕಣ್ಣಿಗೆ ಕಟ್ಟಿದ್ದು ಇದೊಂದೇ. ಹೆಸರಿಟ್ಟರು: ಬಿಎಲ್‌ಸಿ1, ಅಂದರೆ ‘ಬ್ರೇಕ್‌ಥ್ರೂ ಲಿಸನ್’ ಎಂಬ ಹುಡುಕಾಟ ಯೋಜನೆಯ ಮೊದಲ ಅಭ್ಯರ್ಥಿ.

ಜರಡಿಯ ತೂತು ಎಲ್ಲಿತ್ತು? ಓರೆಯಾಗಿದ್ದ ಮಾತ್ರಕ್ಕೆ ಆಕಾಶದ್ದೇ ಆಗಬೇಕಿಲ್ಲ. ಎಲೆಕ್ಟ್ರಾನಿಕ್ ಉಪಕರಣದೊಳಗಿನ ಸ್ಫಟಿಕ ಆಂದೋಲಕ ಬಿಸಿಯೇರಿದಾಗ, ತಣಿದಾಗ ತನ್ನ ಆವರ್ತನವನ್ನು ನಿಧಾನಕ್ಕೆ ಬದಲಿಸುತ್ತದೆ; ಚಿತ್ರದಲ್ಲಿ ಅದೂ ಓರೆಯೇ. ಇನ್ನು ಕತ್ತು ತಿರುಗಿಸುವ ಪರೀಕ್ಷೆ. ಪಾರ್ಕ್ಸ್‌ನಲ್ಲಿ ನಕ್ಷತ್ರಕ್ಕೆ 30 ನಿಮಿಷ ಕೊಟ್ಟರೆ ಬೇರೆ ಕಡೆಗೆ 5 ನಿಮಿಷ ಮಾತ್ರ. ಕ್ಷೀಣ ಸಂಕೇತ ಆ ಐದು ನಿಮಿಷದಲ್ಲಿ ಗದ್ದಲದೊಳಗೆ ಮುಳುಗಿದರೂ, ಕಾಕತಾಳೀಯವಾಗಿ ಅದೇ ಹೊತ್ತಿಗೆ ನಿಂತರೂ ಪರೀಕ್ಷೆ ‘ಪಾಸ್’ ಎನ್ನುತ್ತದೆ.

ತನಿಖೆಗಿಳಿದ ಖಗೋಳ ವಿಜ್ಞಾನಿ ಸೋಫಿಯಾ ಶೇಖ್ ಮತ್ತು ಸಂಗಡಿಗರು ಗೆರೆಯನ್ನು ದಿಟ್ಟಿಸಿ ನೋಡುವುದು ಬಿಟ್ಟು ಅದರ ಒಡಹುಟ್ಟಿದವರನ್ನು ಹುಡುಕಿದರು. ನನ್ನ ಮಟ್ಟಿಗೆ ಇಡೀ ತನಿಖೆಯ ಜಾಣತನ ಇಲ್ಲೇ ಇದೆ. ಬೇರೆ ಆವರ್ತನಗಳಲ್ಲಿ ಹೀಗೆಯೇ ಬಾಗುವ ಸುಮಾರು 60 ಗೆರೆಗಳು ಸಿಕ್ಕವು. ಅವುಗಳ ನಡುವಿನ ಅಂತರ ಸಾಮಾನ್ಯ ಉಪಕರಣಗಳೊಳಗಿನ ಆಂದೋಲಕಗಳ ಆವರ್ತನಗಳ ಲೆಕ್ಕಕ್ಕೆ ಕೂಡಿಬಂತು. ಕೆಲವಂತೂ ದೂರದರ್ಶಕ ಬೇರೆ ಕಡೆ ನೋಡುವಾಗಲೂ ಇದ್ದವು. 2021ರ ಅಕ್ಟೋಬರ್‌ನಲ್ಲಿ ಹೊರಬಿದ್ದ ತೀರ್ಮಾನ: ನಮ್ಮದೇ ಉಪಕರಣಗಳ ಸಂಕೇತಗಳು ಒಂದರೊಳಗೊಂದು ಬೆರೆತು ಹುಟ್ಟಿದ ಕಲಬೆರಕೆ ಸಂಕೇತ. (ಇದೇ ಪಾರ್ಕ್ಸ್‌ನಲ್ಲಿ ವರ್ಷಗಟ್ಟಲೆ ಕಾಡಿದ ‘ಪೆರಿಟಾನ್’ ಸಂಕೇತಗಳು ಮೈಕ್ರೋವೇವ್ ಒಲೆ ನಿಲ್ಲುವ ಮೊದಲೇ ಬಾಗಿಲು ತೆಗೆದದ್ದರ ಫಲವೆಂದು 2015ರಲ್ಲಿ ತಿಳಿದಿತ್ತು.)

ಒಂದೇ ದೂರದರ್ಶಕದ ತಟ್ಟೆಯನ್ನು ನಂಬಿದರೆ ಈ ಕಾಟ ತಪ್ಪದು. ದೂರದೂರದ ಎರಡು ದೂರದರ್ಶಕಗಳು ಒಂದೇ ಹೊತ್ತಿಗೆ ನೋಡಿದರೆ ಸ್ಥಳೀಯ ಗದ್ದಲ ಒಂದರಲ್ಲಿ ಮಾತ್ರ ಬೀಳುತ್ತದೆ. ಪುಣೆ ಬಳಿಯ ರೇಡಿಯೊ ದೂರದರ್ಶಕ ಸಮೂಹ ಜಿಎಂಆರ್‌ಟಿಯ 30 ತಟ್ಟೆಗಳು ಸುಮಾರು 25 ಕಿಲೋಮೀಟರ್ ಹರಡಿಕೊಂಡಿವೆ, ಅಂಥ ಕೆಲಸಕ್ಕೆ ಹೇಳಿಮಾಡಿಸಿದಂತಿವೆ. ಆದರೆ ಪ್ರಾಕ್ಸಿಮಾ ಅಲ್ಲಿಂದ ದಿಗಂತಕ್ಕಿಂತ 8 ಡಿಗ್ರಿಯಷ್ಟೇ ಮೇಲೇರುತ್ತದೆ. ತಟ್ಟೆಗಳು ಅಷ್ಟು ಕೆಳಗೆ ಬಾಗುವುದಿಲ್ಲ.