ಹರಳು ಬೆಳೆಸಿದವರ ಲೆಕ್ಕ

ಮಾನಸಗಂಗೋತ್ರಿಯಲ್ಲಿ ಸಂಶೋಧನೆ ಮುಗಿಸಿದ ಹುಡುಗಿಯೊಬ್ಬಳು ಮೊನ್ನೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸಿಕ್ಕಿದ್ದಳು. ಯಾವುದೋ ಊರಿಗೆ ಕೆಲಸದ ಸಂದರ್ಶನಕ್ಕೆ ಹೋಗಿ ಬಂದಿದ್ದಳು. "ನಾಲ್ಕು ವರ್ಷ ಒಂದೇ ಪ್ರೋಟೀನ್ ಹಿಂದೆ ಬಿದ್ದಿದ್ದೆ ಸರ್. ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಎಚ್-ಇಂಡೆಕ್ಸ್ ಎಷ್ಟು ಅಂತ ಕೇಳಿ ಕಳಿಸಿಬಿಟ್ರು" ಅಂದಳು. ಪ್ರಬಂಧಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಅಂತ ಎಣಿಸಿ ವಿಜ್ಞಾನಿಯನ್ನು ಅಳೆಯುವ ಈ ಲೆಕ್ಕ ಎಲ್ಲಿಂದ ಬಂತು ಅಂತ ಹೇಳಬೇಕು ಅನ್ನಿಸಿದ್ದು ಆಗ.

ಮೊದಲು ಅವಳ ಕೆಲಸ. ಪ್ರೋಟೀನನ್ನು ಹರಳುಗಟ್ಟಿಸಿ, ಅದರೊಳಗೆ ಎಕ್ಸ್-ರೇ ಹಾಯಿಸಿ, ಮೂಡುವ ಚುಕ್ಕೆಗಳಿಂದ ಅಣುವಿನ ಆಕಾರ ಲೆಕ್ಕ ಹಾಕುವುದು. ಹರಳು ಅಂದರೆ ಮಂಡ್ಯದ ಕಡೆಯವರಿಗೆ ಹೊಸದಲ್ಲ. ಸಕ್ಕರೆ ಪಾಕ ಹದಕ್ಕೆ ಬಂದರೆ ತಾನೇ ಹರಳುಗಟ್ಟುತ್ತದೆ. ಪ್ರೋಟೀನ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಉಪ್ಪು, ಹುಳಿ, ಬಿಸಿ ಒಂಚೂರು ಹೆಚ್ಚುಕಮ್ಮಿಯಾದರೂ ಕೆಡುತ್ತದೆ. ಹರಳು ಒಣಗಿದರಂತೂ ಮುಗಿಯಿತು.

ಹರಳನ್ನು ಅದರ ದ್ರವದಲ್ಲೇ ಒದ್ದೆಯಾಗಿಟ್ಟು ಚಿತ್ರ ತೆಗೆಯಬೇಕು ಅನ್ನೋದನ್ನು 1934ರಲ್ಲಿ ಇಂಗ್ಲೆಂಡಿನ ಜೆ.ಡಿ. ಬರ್ನಾಲ್ ಮತ್ತು ಡೊರೊಥಿ ಹಾಜ್‌ಕಿನ್ ತೋರಿಸಿಕೊಟ್ಟರು. ನಮ್ಮ ಮೈಶುಗರ್ ಕಂಪನಿ ಹುಟ್ಟಿದ ಮರುವರ್ಷ ಅದು. ಆ ಹೊತ್ತಿಗೇ ಡೊರೊಥಿ ಇನ್ಸುಲಿನ್ ಹರಳನ್ನೂ ಕೈಗೆತ್ತಿಕೊಂಡರು. ಅದರ ರಚನೆ ಸಿಕ್ಕಿದ್ದು ಯಾವಾಗ ಗೊತ್ತಾ? 1969ರಲ್ಲಿ. 35 ವರ್ಷ! ನಡುವೆ ಪೆನಿಸಿಲಿನ್, ಬಿ12 ರಚನೆ ಬಿಡಿಸಿ 1964ರಲ್ಲಿ ನೊಬೆಲ್ ಪಡೆದರೂ ಇನ್ಸುಲಿನ್ ಕೈಬಿಡಲಿಲ್ಲ. ಆ ತಂಡದಲ್ಲಿ ನಮ್ಮ ಎಂ. ವಿಜಯನ್ ಕೂಡ ಇದ್ದರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ಬೇರೂರಿಸಿದರು. ಅವರ ತಂಡ ಕಡಲೆಕಾಯಿಯ ಲೆಕ್ಟಿನ್ ಅನ್ನುವ ಪ್ರೋಟೀನಿನ ರಚನೆ ಪ್ರಕಟಿಸಿದ್ದು 1994ರಲ್ಲಿ.

ಎಣಿಕೆಯ ಕತೆ ಬೇರೆ. 1964ರಲ್ಲಿ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಸೈಟೇಶನ್ ಸೂಚಿಯೊಂದನ್ನು ಹೊರತಂದರು. ಒಂದು ಪ್ರಬಂಧವನ್ನು ಆಮೇಲೆ ಯಾರು ಯಾರು ಬಳಸಿಕೊಂಡರು ಅಂತ ಲೈಬ್ರರಿಯಲ್ಲಿ ಹುಡುಕಲು ಅದು ಒಳ್ಳೆಯ ಸಾಧನ. 2005ರಲ್ಲಿ ಭೌತವಿಜ್ಞಾನಿ ಹಿರ್ಶ್ ಎಚ್-ಇಂಡೆಕ್ಸ್ ತಂದರು. ತಲಾ 20 ಸಲವಾದರೂ ಉಲ್ಲೇಖಗೊಂಡ 20 ಪ್ರಬಂಧಗಳಿದ್ದರೆ ನಿಮ್ಮ ಅಂಕಿ 20. 2010ರಲ್ಲಿ ಯುಜಿಸಿ ಅಧ್ಯಾಪಕರ ನೇಮಕಾತಿ, ಬಡ್ತಿಗೆ ಪ್ರಬಂಧಗಳನ್ನೂ ಎಣಿಸುವ ಅಂಕಪಟ್ಟಿ ಮಾಡಿತು. ಹುಡುಕಲು ಮಾಡಿದ ಸಾಧನ ಹೀಗೆ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು.

ಈ ತಕ್ಕಡಿ ಏನನ್ನು ತೂಗುತ್ತದೆ? ಜರ್ಮನಿಯಲ್ಲಿ ಕೆಲಸ ಮಾಡಿದ ಜಾರ್ಜ್ ಶೆಲ್ಡ್ರಿಕ್ ಹರಳಿನ ಲೆಕ್ಕಕ್ಕೆ ಶೆಲೆಕ್ಸ್ ಎಂಬ ಪ್ರೋಗ್ರಾಂ ಬರೆದವರು. ಅದರ ಚರಿತ್ರೆಯನ್ನು 2008ರಲ್ಲಿ ಒಂದು ಪ್ರಬಂಧವಾಗಿ ಬರೆದು, ಪ್ರೋಗ್ರಾಂ ಬಳಸಿದವರು ಇದನ್ನು ಉಲ್ಲೇಖಿಸಬಹುದು ಎಂದರು. ಜಗತ್ತೆಲ್ಲ ಉಲ್ಲೇಖಿಸಿತು. ಅದನ್ನು ಪ್ರಕಟಿಸಿದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಇತ್ತೀಚಿನ ಪ್ರಬಂಧಗಳಿಗೆ ಸರಾಸರಿ ಸಿಗುವ ಉಲ್ಲೇಖಗಳ ಲೆಕ್ಕ, ಸುಮಾರು 2 ಇದ್ದದ್ದು ಒಂದೇ ವರ್ಷದಲ್ಲಿ 50ರ ಹತ್ತಿರ ಹೋಯಿತು. ಶೆಲ್ಡ್ರಿಕ್ ಆ ಮನ್ನಣೆಗೆ ಪೂರ್ತಿ ಅರ್ಹರು. ಆದರೆ ಅದೇ ಪತ್ರಿಕೆಯಲ್ಲಿ ಬರೆದ ಬೇರೆಯವರ ಕೆಲಸ ಒಂದು ವರ್ಷದಲ್ಲಿ 25 ಪಟ್ಟು ಉತ್ತಮವಾಗಲಿಲ್ಲ, ಅಲ್ವಾ?

ನನಗೆ ಜಾಸ್ತಿ ನೋವು ಕೊಡುವುದು ಇನ್ನೊಂದು ವಿಷಯ. 1971ರಲ್ಲಿ ಏಳೇ ಏಳು ರಚನೆಗಳಿಂದ ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾಯಿತು. ಈಗ ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಎಲ್ಲವೂ ಉಚಿತ. ಈ ರಾಶಿಯಿಂದಲೇ ಕಲಿತು ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ ಪ್ರೋಟೀನಿನ ಆಕಾರ ಊಹಿಸುತ್ತದೆ. 2024ರಲ್ಲಿ ಅದನ್ನು ಮಾಡಿದವರಿಗೆ ನೊಬೆಲ್ ಕೂಡ ಬಂತು. ಆಲ್ಫಾಫೋಲ್ಡ್ ಪ್ರಬಂಧವನ್ನು ಸಾವಿರಾರು ಜನ ಉಲ್ಲೇಖಿಸುತ್ತಾರೆ. ರಾಶಿಗೆ ಒಂದೊಂದು ಕಾಳು ತಂದು ಹಾಕಿದವರ ಹೆಸರು ಅಲ್ಲಿ ಬರುವುದಿಲ್ಲ. ರಚನೆಯನ್ನು ನೇರವಾಗಿ ಬಳಸಿದವರೂ ಎಷ್ಟೋ ಸಲ ಬ್ಯಾಂಕು ಅದಕ್ಕೆ ಕೊಟ್ಟ ನಾಲ್ಕಕ್ಷರದ ಕೋಡ್ ಬರೆದು ಸುಮ್ನಾಗುತ್ತಾರೆ.

ಆ ಹುಡುಗಿಯ ಹರಳು ಕೊನೆಗೂ ಚುಕ್ಕೆ ಮೂಡಿಸಿದೆ. ರಚನೆಯನ್ನು ಬ್ಯಾಂಕಿಗೆ ಸೇರಿಸಿದ್ದಾಳೆ. ಫೋನಿನಲ್ಲಿ ಆ ಫೈಲ್ ತೆರೆದು ತೋರಿಸಿದಳು. ಮೇಲ್ಗಡೆಯ ಸಾಲುಗಳಲ್ಲೇ ಅವಳ ಹೆಸರಿತ್ತು.