ಕೋಟೆಗೆ ಹೋದರೆ ಮೊದಲು ಗಾರೆ ನೋಡಿ

ಕಳೆದ ವಾರ ಶಿರಸಿಯಿಂದ ಪರಿಚಯದ ಹಿರಿಯರೊಬ್ಬರು ಫೋನ್ ಮಾಡಿದ್ದರು. "ತಮಾ, ಮಗ ಜರ್ಮನಿಗೆ ಬನ್ನಿ ಅಂತಿದ್ದಾನೆ. ಆ ಕಡೆ ಕೋಟೆಗಳು ಬಹಳ ಇವೆಯಂತಲ್ಲ, ಯಾವುದು ನೋಡಬೇಕು ಹೇಳು." ಹಳೇ ಕಟ್ಟಡ ರಿಪೇರಿ ಮಾಡುವುದೇ ನನ್ನ ಕೆಲಸ. ಚಿರೇಕಲ್ಲಿನ ಮನೆ, ದೇವಸ್ಥಾನದ ಪೌಳಿ, ಕೆರೆಯ ಮೆಟ್ಟಿಲು ಅಂತ ಕುಮಟಾದಿಂದ ಕಾರವಾರದ ತನಕ ಇಪ್ಪತ್ತು ವರ್ಷದಿಂದ ಓಡಾಡುತ್ತಿದ್ದೇನೆ. ಹಾಗಾಗಿ ಅವರಿಗೆ ಹೇಳಿದೆ, ಜರ್ಮನಿಗೆ ಹೋಗುವ ಮುಂಚೆ ಒಂದು ದಿನ ಮಿರ್ಜಾನ್‌ಗೆ ಹೋಗಿ ಬನ್ನಿ, ಈ ಮಳೆಯಲ್ಲೇ.

ಮಿರ್ಜಾನ್ ಕೋಟೆ ಅಂದರೆ ಅಘನಾಶಿನಿ ದಡ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ, ಹಸಿರು ಪಾಚಿ ಹೊದ್ದ ಗೋಡೆ. ಎಲ್ಲರೂ ಫೋಟೋ ತೆಗೆದು ಬರ್ತೀವಿ, ಅಲ್ವಾ? ಜುಲೈಯಲ್ಲಿ ಹೋದಾಗ ಗೋಡೆಗೆ ಅಂಗೈ ಇಟ್ಟು ಒಂದು ನಿಮಿಷ ಸುಮ್ನೆ ನಿಲ್ಲಿ. ಕೈ ಒದ್ದೆಯಾಗುತ್ತದೆ. ಚಿರೇಕಲ್ಲಿನ ಮೈತುಂಬ ತೂತು, ಮಳೆ ಕುಡಿಯುತ್ತದೆ, ಬಿಸಿಲು ಬಂದಾಗ ಮೆಲ್ಲಗೆ ಹೊರಗೆ ಬಿಡುತ್ತದೆ. ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಈ ಕರಾವಳಿಯಲ್ಲಿ ಹಳೇ ಗೋಡೆ ಉಳಿದಿರುವುದು ನೀರನ್ನು ತಡೆದು ಅಲ್ಲ, ಒಳಗೆ ಬಂದ ನೀರಿಗೆ ಹೊರಗೆ ಹೋಗಲು ದಾರಿ ಬಿಟ್ಟು.

ಆ ದಾರಿ ಸುಣ್ಣದ ಗಾರೆ. ಅದನ್ನು ತೆಗೆದು ಸಿಮೆಂಟ್ ತುಂಬಿದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಊರಿನವರು ಪ್ರೀತಿಯಿಂದಲೇ ದುಡ್ಡು ಕೂಡಿಸಿ ಒಂದು ಹಳೇ ಪೌಳಿಯ ಸಂದಿಗಳಿಗೆಲ್ಲ ಸಿಮೆಂಟ್ ಹೊಡೆಸಿದ್ದರು. ಕೆಲವು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದರೆ ಕಲ್ಲು ಪುಡಿಪುಡಿಯಾಗಿ ಎರಡು ಬೆರಳಿನಷ್ಟು ಒಳಗೆ ಹೋಗಿತ್ತು, ಸಿಮೆಂಟಿನ ಗೆರೆ ಮಾತ್ರ ಬಡಕಲು ದನದ ಎಲುಬಿನ ಹಾಗೆ ಹೊರಗೆ ಎದ್ದು ನಿಂತಿತ್ತು. ಸಿಮೆಂಟಿನಲ್ಲಿ ನೀರು ಹೊರಗೆ ಹೋಗುವುದಿಲ್ಲ, ಆಗ ಕಲ್ಲಿನಲ್ಲೇ ಹೋಗಬೇಕು, ಜೊತೆಗೆ ಉಪ್ಪನ್ನೂ ಎಳೆದು ತಂದು ಕಲ್ಲನ್ನು ಒಡೆಯುತ್ತದೆ. ಗಾರೆ ಯಾವತ್ತೂ ಕಲ್ಲಿಗಿಂತ ಮೆತ್ತಗಿರಬೇಕು. ಸವೆಯುವುದಾದರೆ ಗಾರೆ ಸವೆಯಲಿ, ಮತ್ತೆ ತುಂಬಬಹುದು.

ಇದನ್ನು ಮನಸ್ಸಲ್ಲಿಟ್ಟುಕೊಂಡು ಹೋದರೆ ಹೊರದೇಶದ ಕೋಟೆಗಳು ಬೇರೆಯೇ ತರ ಕಾಣುತ್ತವೆ.

ಒಂದೇ ಒಂದು ಕೋಟೆ ನೋಡುವಷ್ಟು ದುಡ್ಡಿದ್ದರೆ ನಾನು ಜಪಾನಿನ ಹಿಮೇಜಿ ಅನ್ನುತ್ತೇನೆ. ಈಗಿನ ದೊಡ್ಡ ಗೋಪುರ ಎದ್ದಿದ್ದು 1609ರ ಹೊತ್ತಿಗೆ. ಒಳಗೆಲ್ಲ ಮರ, ಹೊರಗೆ ಬಿಳಿ ಸುಣ್ಣದ ಗಾರೆ. ಆ ಗಾರೆಗೆ ಸೆಣಬಿನ ಜಾತಿಯ ನಾರು, ಸಮುದ್ರದ ಪಾಚಿ ಬೇಯಿಸಿದ ಅಂಟು ಸೇರಿಸುತ್ತಾರೆ. ಇದನ್ನು ಮೊದಲ ಸಲ ತಿಳಿದಾಗ ನನಗೆ ನಮ್ಮ ಹಳೇ ಮೇಸ್ತ್ರಿಗಳೇ ನೆನಪಾದರು. ನಮ್ಮಲ್ಲಿ ಚಿಪ್ಪಿ ಸುಟ್ಟ ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ದಿನಗಟ್ಟಲೆ ಕೊಳೆಸುತ್ತಿದ್ದರು. ಎಲ್ಲಿಯ ಜಪಾನ್, ಎಲ್ಲಿಯ ಕುಮಟಾ! ಹಿಮೇಜಿಯಲ್ಲಿ ಮರಕ್ಕೆ ಬೆಂಕಿ ತಾಗದಂತೆ ಕಾಯುವುದೂ ಇದೇ ಗಾರೆ. ಹೆಂಚಿನ ಸಂದಿಗಳಿಗೂ ಅದನ್ನೇ ಮೆತ್ತಿದ್ದಾರೆ, ಅದಕ್ಕೇ ದೂರದಿಂದ ಚಾವಣಿಯೂ ಬೆಳ್ಳಗೆ ಕಾಣುತ್ತದೆ. 2009ರಿಂದ 2015ರ ತನಕ ದೊಡ್ಡ ರಿಪೇರಿ ಮಾಡಿದರು, ಆಗಲೂ ಹಳೇ ಪದ್ಧತಿಯ ಗಾರೆಯನ್ನೇ ಬಳಿದರು. ನನಗೆ ಇದಕ್ಕಿಂತ ಚಂದದ ಸಂಗತಿ ಇಲ್ಲ.

ವೇಲ್ಸಿನ ಕಾನ್ವಿ ಕೋಟೆ ಈಗ ಬೂದು ಬಣ್ಣದ ಬರೀ ಕಲ್ಲು. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1283ರಲ್ಲಿ ಕಟ್ಟಲು ಶುರು ಮಾಡಿಸಿದ ಆ ಕೋಟೆಗೂ ಆಗ ಸುಣ್ಣ ಬಳಿದಿತ್ತು. ಸಮುದ್ರದ ಪಕ್ಕ ಬೆಳ್ಳಗೆ ಹೊಳೆಯುವ ಎಂಟು ಗೋಪುರ, ಕಣ್ಣು ಮುಚ್ಚಿ ಊಹಿಸಿಕೊಳ್ಳಿ. ಪೋಲೆಂಡಿನ ಮಾಲ್ಬೋರ್ಕ್ ಪೂರ್ತಿ ಇಟ್ಟಿಗೆಯದು, 1945ರ ಯುದ್ಧದಲ್ಲಿ ತುಂಬಾ ಹಾಳಾಗಿ ಮತ್ತೆ ಕಟ್ಟಿದ್ದು.

ಫ್ರಾನ್ಸಿನ ಗೆಡೆಲೋನ್ ಹಳೇ ಕೋಟೆಯೇ ಅಲ್ಲ, ಆದರೂ ಬಿಡಬೇಡಿ. 1997ರಿಂದ 13ನೇ ಶತಮಾನದ ಪದ್ಧತಿಯಲ್ಲೇ ಹೊಸದಾಗಿ ಕಟ್ಟುತ್ತಿದ್ದಾರೆ. ಅಲ್ಲೇ ಕಲ್ಲು ಒಡೆದು, ಸುಣ್ಣದ ಗಾರೆ ಕಲಸಿ, ದೊಡ್ಡ ಮರದ ಚಕ್ರದೊಳಗೆ ಮನುಷ್ಯ ನಡೆದು ಕಲ್ಲು ಮೇಲೆತ್ತುತ್ತಾರೆ. ಅಲ್ಲಿ ಪಳಗಿದ ಬಡಗಿಗಳು ಮುಂದೆ, 2019ರಲ್ಲಿ ಸುಟ್ಟುಹೋದ ಪ್ಯಾರಿಸ್‌ನ ನೋಟ್ರ್ ಡಾಮ್ ಚಾವಣಿಯ ಕೆಲಸಕ್ಕೂ ಬಂದರು.

ಜರ್ಮನಿಯ ನ್ಯೂಶ್ವಾನ್‌ಸ್ಟೈನ್? ಎಲ್ಲ ಕ್ಯಾಲೆಂಡರಿನಲ್ಲೂ ಇರುವುದು ಅದೇ. ಬವೇರಿಯಾದ ದೊರೆ ಎರಡನೇ ಲುಡ್ವಿಗ್ 1869ರಲ್ಲಿ ಶುರು ಮಾಡಿದ್ದು, ಅವನು 1886ರಲ್ಲಿ ಸಾಯುವಾಗಲೂ ಮುಗಿದಿರಲಿಲ್ಲ. ಹೊರಗೆ ಬಿಳಿ ಕಲ್ಲು, ಒಳಗೆ ಇಟ್ಟಿಗೆ. ಯುದ್ಧಕ್ಕೆಂದು ಕಟ್ಟಿದ್ದಲ್ಲ, ಒಬ್ಬನ ಕನಸು. ಹಿಂದಿನ ಸೇತುವೆ ಮೇಲೆ ನಿಂತು ನೋಡಿದರೆ ಆ ಕನಸು ಅರ್ಥವಾಗುತ್ತದೆ, ಹೋಗಿ ಬನ್ನಿ ಅಂದೆ.

ಮೊನ್ನೆ ಹಿರಿಯರು ಮಿರ್ಜಾನ್‌ನಿಂದಲೇ ಮತ್ತೆ ಫೋನ್ ಮಾಡಿದರು, ಹಿಂದೆ ಮಳೆಯ ಸದ್ದು. "ತಮಾ, ಗೋಡೆ ಸಂದಿಯಲ್ಲಿ ಅಶ್ವತ್ಥದ ಸಸಿ ಎದ್ದಿದೆ. ಕಿತ್ತು ಹಾಕಲಾ?" ಬೇಡ ಅಂದೆ. ಎಳೆದರೆ ಬೇರಿನ ಜೊತೆ ಗಾರೆಯೂ, ಕಲ್ಲೂ ಬರುತ್ತದೆ. ಅಲ್ಲಿ ಕಾವಲಿಗೆ ಇರುವವರಿಗೆ ತೋರಿಸಿ ಅಂದೆ. ಅವರು ಬರುವ ತನಕ ಅಲ್ಲೇ ನಿಂತಿದ್ದರಂತೆ, ಕೊಡೆ ಹಿಡಿದುಕೊಂಡು.